ಇಂಗು ತರದ ಮಂಗ

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎಂದು ಗಾದೆ ಕಟ್ಟಿದವರು, ಆ ಇಂಗನ್ನು ಅಂಗಡಿಯಿಂದ ತರುವವರು ಯಾರು ಅನ್ನುವುದನ್ನು ಹೇಳದೇ ಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಆ ಖಾತೆ ನನ್ನದು.

ಹೋದ ತಿಂಗಳು ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದೂಕಾಲು. ನಮ್ಮನೆಯವಳು ಅಡುಗೆಮನೆಯಿಂದ ಇಂಗಿನ ಡಬ್ಬಿ ತಂದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಸದ್ದಿಲ್ಲ. ಒಂದು ಗಂಟೆಗೆ ನಾದಿನಿ ಮತ್ತು ಷಡ್ಡಕರು ಊಟಕ್ಕೆ ಬರುವವರಿದ್ದರು. ಬುಧವಾರದಿಂದ ನಮ್ಮಿಬ್ಬರಿಗೂ ಮೂಗು ಕಟ್ಟುವ ನೆಗಡಿ. ಹಾಗಾಗಿ ಅವತ್ತು ಮೆಣಸಿನ ಸಾರು ಎಂದು ತೀರ್ಮಾನವಾಗಿತ್ತು.

"ಗುರುವಾರವೇ ತನ್ನಿ ಅಂದಿದ್ದೆ. ತಂದ್ರಾ?"

ತಂದ ನೆನಪು ನನಗಿತ್ತು, ಇಟ್ಟ ನೆನಪು ಇರಲಿಲ್ಲ. ಅರವತ್ತು ದಾಟಿದವನ ನೆನಪನ್ನು ಸಾಕ್ಷಿಯಾಗಿ ಒಪ್ಪುವ ನ್ಯಾಯಾಲಯ ನಮ್ಮ ಮನೆಯಲ್ಲಿಲ್ಲವಾದ್ದರಿಂದ ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡೆ. ಹಿಂದಿನ ಸಂಜೆ ಒಂದೆರಡು ಗಂಟೆ ಮಾತ್ರ ತೊಟ್ಟಿದ್ದ, ಇಸ್ತ್ರಿ ಮುರಿಯದ ಕಂದು ಚೌಕಳಿ ಅಂಗಿ ಮೊಳೆಗೆ ನೇತುಹಾಕಿತ್ತು. ಅದನ್ನೇ ಹಾಕಿಕೊಂಡೆ.

"ಇಂಗು ಮಾತ್ರ," ಅಂದಳು ಇವಳು ಗೇಟಿನ ತನಕ ಬಂದು. ಆ 'ಮಾತ್ರ'ಕ್ಕೆ ಬಿದ್ದ ಒತ್ತಿನಲ್ಲಿ ಮೂವತ್ತೆರಡು ವರ್ಷದ ದಾಂಪತ್ಯವಿತ್ತು.

ಹಿಂದಿನ ಸಂಜೆಯ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಅವಮಾನದ ಪೂರ್ತಿ ರುಚಿ ನಿಮಗೆ ಹತ್ತುವುದಿಲ್ಲ. ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದವನು ನಾನು. ನಮ್ಮ ಬಡಾವಣೆಯ ಹಿರಿಯರ ಕೂಟದವರು 'ಸರಪಳಿ ಅಂಗಡಿಗಳು: ಉದ್ದೇಶ ಮತ್ತು ಇತಿಹಾಸ' ಎಂಬ ಉಪನ್ಯಾಸ ಏರ್ಪಡಿಸಿದ್ದರು. ಏರ್ಪಡಿಸಿದ್ದರು ಅಂದರೆ ನಾನು ಮೂರು ತಿಂಗಳಿಂದ ಕೇಳಿಕೊಂಡಿದ್ದೆ. ಒಂದೂವರೆ ಗಂಟೆ ಮಾತಾಡಿದೆ. ನ್ಯೂಯಾರ್ಕಿನಲ್ಲಿ 1859ರಲ್ಲಿ ಚಹಾ ಮಾರಲು ಶುರುವಾದ ಒಂದು ವ್ಯಾಪಾರ, ಮುಂದೆ 'ಗ್ರೇಟ್ ಅಟ್ಲಾಂಟಿಕ್ ಅಂಡ್ ಪೆಸಿಫಿಕ್ ಟೀ ಕಂಪನಿ' ಎಂದು ಬಾಯ್ತುಂಬ ಹೆಸರಿಟ್ಟುಕೊಂಡು, 1930ರ ಹೊತ್ತಿಗೆ ಅಮೆರಿಕದ ಉದ್ದಗಲಕ್ಕೂ 15 ಸಾವಿರಕ್ಕಿಂತ ಹೆಚ್ಚು ಅಂಗಡಿಗಳಾಗಿ ಹಬ್ಬಿದ್ದು ಹೇಗೆ ಎಂದು ವಿವರಿಸಿದೆ. ಗುಟ್ಟೇನೂ ದೊಡ್ಡದಲ್ಲ. ಒಂದಂಗಡಿಯವನು ಹತ್ತು ಮೂಟೆ ಕೊಂಡರೆ, ಸಾವಿರ ಅಂಗಡಿಯವನು ಗಿರಣಿಯನ್ನೇ ಮಾತಾಡಿಸುತ್ತಾನೆ. ನಡುವಿನ ದಲ್ಲಾಳಿಗಳು ಉದುರಿಹೋಗುತ್ತಾರೆ, ದರ ಇಳಿಯುತ್ತದೆ, ಪಕ್ಕದ ಬೀದಿಯ ಚಿಲ್ಲರೆ ಅಂಗಡಿಯವನು ಬಾಗಿಲಿಗೆ ಬೀಗ ಹಾಕುತ್ತಾನೆ. ಅಲ್ಲಿ ಆ ಚಿಲ್ಲರೆ ಅಂಗಡಿಯವರೆಲ್ಲ ಎಷ್ಟು ಗಲಾಟೆ ಮಾಡಿದರೆಂದರೆ, ಹಲವು ರಾಜ್ಯಗಳು ಸರಪಳಿ ಅಂಗಡಿಗಳ ಮೇಲೆ ವಿಶೇಷ ತೆರಿಗೆ ಹಾಕಿದವು. 1936ರಲ್ಲಿ ದೊಡ್ಡವರಿಗೊಂದು ದರ, ಚಿಕ್ಕವರಿಗೊಂದು ದರ ಕೊಡಬಾರದೆಂದು ಕಾನೂನೇ ಬಂತು. ಅಷ್ಟೆಲ್ಲ ಆಗಿಯೂ, ಅಷ್ಟು ದೊಡ್ಡ ಕಂಪನಿ 2015ರಲ್ಲಿ ದಿವಾಳಿಯಾಗಿ ಮುಗಿದುಹೋಯಿತು.

ಇಲ್ಲಿಗೆ ಬರುವಾಗ ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಎದ್ದು ಹಿಂದಿನ ಸಾಲಿಗೆ ಹೋಗಿ ಫ್ಯಾನಿನ ಕೆಳಗೆ ಕೂತರು. ಮೈಕು ಜೋರಾಗಿರಬೇಕು ಅಂದುಕೊಂಡೆ.

ಕೊನೆಯಲ್ಲಿ ಎದೆಯುಬ್ಬಿಸಿ ಹೇಳಿದ್ದೆ: "ಈ ಅಂಗಡಿಗಳ ಒಳಗಿನ ಒಂದೊಂದು ಬಲೆಯ ಗಂಟೂ ನನಗೆ ಗೊತ್ತು. ಗೊತ್ತಿದ್ದವನನ್ನು ಹಿಡಿಯಲು ಆಗುವುದಿಲ್ಲ."

ಶೆಟ್ಟರ ಅಂಗಡಿಯ ಷಟರ್ ಇಳಿದಿತ್ತು. ಮೇಲೆ ಸೀಮೆಸುಣ್ಣದಲ್ಲಿ 'ಮದುವೆ. 1 ಗಂಟೆಗೆ' ಎಂದಷ್ಟೇ ಬರೆದಿತ್ತು. ಯಾರ ಮದುವೆ, ಮಧ್ಯಾಹ್ನವೋ ರಾತ್ರಿಯೋ ಅನ್ನುವ ವಿವರಗಳೆಲ್ಲ ಶೆಟ್ಟರ ದೃಷ್ಟಿಯಲ್ಲಿ ಅಧಿಕ ಪ್ರಸಂಗ. ವೃತ್ತದ ಆಚೆ, ಹಳೇ ಟಾಕೀಸು ಕೆಡವಿದ ಜಾಗದಲ್ಲಿ, ಮೂರಂತಸ್ತಿನ ಒಂದು ಸರಪಳಿ ಅಂಗಡಿ ಮಿನುಗುತ್ತಿತ್ತು. ಅದರ ಹೆಸರು ಬೇಡ. ತಪ್ಪು ಅದರದ್ದಲ್ಲ.

ಬಾಗಿಲು ತೆಗೆದ ಸೆಕ್ಯುರಿಟಿಯವನು ನನ್ನನ್ನು ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ವಯಸ್ಸಿಗೆ ಮರ್ಯಾದೆ ಕೊಡುವ ಹುಡುಗರು ಇನ್ನೂ ಇದ್ದಾರೆ.

ಒಳಗೆ ಹೋಗಲು ತಿರುಗುವ ಕಂಬಿ. ಅದನ್ನು ನೋಡಿ ನನಗೆ ಹಳೆಯ ಸ್ನೇಹಿತ ಸಿಕ್ಕಂತಾಯಿತು. ಈ ಕಂಬಿಯ ಕಥೆ ಅಮೆರಿಕದ ಮೆಂಫಿಸ್ ಊರಿನದ್ದು. 1916ರ ಸೆಪ್ಟೆಂಬರ್ 6ರಂದು ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಜೆಫರ್ಸನ್ ರಸ್ತೆಯಲ್ಲಿ ಒಂದು ಕಿರಾಣಿ ಅಂಗಡಿ ತೆರೆದ. ಅಲ್ಲಿಯ ತನಕ ಅಮೆರಿಕದಲ್ಲೂ ವ್ಯಾಪಾರ ನಮ್ಮ ಶೆಟ್ಟರ ಅಂಗಡಿಯ ಹಾಗೆಯೇ. ಗಿರಾಕಿ ಕಟ್ಟೆಯ ಈಚೆ ನಿಂತು ಚೀಟಿ ಕೊಡಬೇಕು, ಆಳು ಆಚೆಯಿಂದ ತೂಗಿ ಕಟ್ಟಿ ಕೊಡಬೇಕು. ಸಾಂಡರ್ಸ್ ಆ ಕಟ್ಟೆಯನ್ನೇ ತೆಗೆದುಹಾಕಿದ. ಸಾಮಾನಿಗೆಲ್ಲ ಬೆಲೆ ಬರೆದು ಸಾಲಾಗಿ ಜೋಡಿಸಿದ. ಒಂದು ಕಡೆ ಕಂಬಿ ತಳ್ಳಿ ಒಳಗೆ ಬಂದರೆ, ಹಾವಿನ ಹಾಗೆ ಸುತ್ತುವ ಒಂದೇ ದಾರಿ. ಇರುವ ಸರಕನ್ನೆಲ್ಲ ಕಣ್ಣಾರೆ ಕಾಣದೆ ಹೊರಗೆ ಹೋಗುವ ಹಾಗಿಲ್ಲ. ಕೊನೆಯಲ್ಲಿ ದುಡ್ಡು ತೆಗೆದುಕೊಳ್ಳುವವನು. ಹುಡುಕುವುದು, ಆರಿಸುವುದು, ಹೊರುವುದು ಎಲ್ಲ ಗಿರಾಕಿಯದೇ ಚಾಕರಿ. ಅದಕ್ಕೆ ಅವನು ಇಟ್ಟ ಹೆಸರು 'ಪಿಗ್ಲಿ ವಿಗ್ಲಿ'. ಇದೆಂಥ ಹೆಸರಪ್ಪಾ ಎಂದು ಕೇಳಿದವರಿಗೆ, ನೀವು ಹೀಗೆ ಕೇಳಲಿ ಅಂತಲೇ ಇಟ್ಟೆ ಅಂದನಂತೆ. ಮರುವರ್ಷವೇ ಈ ಏರ್ಪಾಡಿಗೆ ಪೇಟೆಂಟು ಬಂತು. ನಡೆಯುವ ದಾರಿಗೆ ಪೇಟೆಂಟು ಪಡೆದವನ ಮುಂದೆ ನಾವೆಲ್ಲ ಯಾವ ಲೆಕ್ಕ?

ಈ ಕೊನೆಯ ಪ್ರಶ್ನೆಯನ್ನು ನಾನು ಆ ಹೊತ್ತಿನಲ್ಲೇ ಕೇಳಿಕೊಂಡಿದ್ದರೆ ಚೆನ್ನಾಗಿತ್ತು.

ಟ್ರಾಲಿಗಳ ಸಾಲು ಕಂಡಿತು. ಮುಗುಳ್ನಕ್ಕು ಮುಂದೆ ಹೋದೆ. ಇಂಗಿನ ಡಬ್ಬಿಗೆ ಟ್ರಾಲಿ ಯಾಕೆ? ಒಕ್ಲಹೋಮಾ ಸಿಟಿಯಲ್ಲಿ 'ಹಂಪ್ಟಿ ಡಂಪ್ಟಿ' ಎಂಬ ಸರಪಳಿ ನಡೆಸುತ್ತಿದ್ದ ಸಿಲ್ವನ್ ಗೋಲ್ಡ್‌ಮನ್‌ಗೆ, ಬುಟ್ಟಿ ಭಾರವಾದ ತಕ್ಷಣ ಜನ ಕೊಳ್ಳುವುದನ್ನು ನಿಲ್ಲಿಸುತ್ತಾರೆ ಅನ್ನುವುದೇ ಕೊರಗು. ಮಡಚುವ ಕುರ್ಚಿಯನ್ನು ನೋಡಿ, ಅದಕ್ಕೆ ಗಾಲಿ ಹಚ್ಚಿ ಬುಟ್ಟಿಯಿಟ್ಟರೆ ಹೇಗೆ ಎಂದು 1937ರಲ್ಲಿ ಗಾಡಿ ಮಾಡಿಸಿದ. ಒಬ್ಬರೂ ಮುಟ್ಟಲಿಲ್ಲ. ಗಂಡಸರಿಗೆ ತಮ್ಮ ತೋಳಿನ ಶಕ್ತಿಯ ಮೇಲೆ ಅನುಮಾನ ಪಟ್ಟಂತಾಯಿತು, ಹೆಂಗಸರಿಗೆ ಮಕ್ಕಳ ಗಾಡಿ ತಳ್ಳಿ ಸಾಕಾಗಿತ್ತು. ಕೊನೆಗೆ ಗೋಲ್ಡ್‌ಮನ್ ಬಾಡಿಗೆಗೆ ಜನ ತಂದು, ಗಿರಾಕಿಗಳ ವೇಷದಲ್ಲಿ ಅಂಗಡಿಯೊಳಗೆ ಗಾಡಿ ತಳ್ಳಿಸಿದ. ಉಳಿದವರು ನೋಡಿ ಕಲಿತರು.

ನನ್ನನ್ನು ನೋಡಿ. ಬಾಡಿಗೆಯವರೂ ಬೇಕಾಗಲಿಲ್ಲ. ಹತ್ತು ಹೆಜ್ಜೆ ನಡೆಯುವುದರೊಳಗೆ ಐದು ಲೀಟರಿನ ನೆಲ ಒರೆಸುವ ದ್ರಾವಣಕ್ಕೆ ಒಂದು ಬಕೆಟ್ಟು ಉಚಿತ ಎಂಬ ಫಲಕ ಕಂಡಿತು. ಬಕೆಟ್ಟು ನೀಲಿ ಬಣ್ಣದ್ದು, ಗಟ್ಟಿಮುಟ್ಟಾಗಿತ್ತು. ಒಂದು ಕೈಯಲ್ಲಿ ದ್ರಾವಣ, ಇನ್ನೊಂದರಲ್ಲಿ ಬಕೆಟ್ಟು ಹಿಡಿದು ನಿಂತವನಿಗೆ ಇಂಗು ತೆಗೆಯಲು ಮೂರನೆಯ ಕೈ ಇರಲಿಲ್ಲ. ವಾಪಸ್ಸು ಹೋಗಿ ಟ್ರಾಲಿ ತಂದೆ. ಅದರ ಒಂದು ಗಾಲಿ ಎಡಕ್ಕೇ ಎಳೆಯುತ್ತಿತ್ತು. ಎಡಕ್ಕೆ ಬಟ್ಟೆ, ಪಾತ್ರೆಗಳ ವಿಭಾಗವಿತ್ತು. ಅದು ಆಕಸ್ಮಿಕ ಎಂದೇ ನಂಬುತ್ತೇನೆ.

ಪಾತ್ರೆಗಳ ಹತ್ತಿರ ಒಂದು ದೋಸೆ ಕಾವಲಿ, ಬೆಲೆ 499. ಈ 9ರ ಮೇಲೆ ನನ್ನ ಉಪನ್ಯಾಸದಲ್ಲಿ ಹತ್ತು ನಿಮಿಷ ಮೀಸಲಿತ್ತು. ಕಣ್ಣು ನಾಲ್ಕನ್ನು ಓದುತ್ತದೆ, ಕಿಸೆ ಐನೂರು ಕೊಡುತ್ತದೆ. ನಮ್ಮ ಕಾಲದ ಹುಡುಗರೆಲ್ಲ ಇದನ್ನು ಬಾಟಾ ಅಂಗಡಿಯಲ್ಲೇ ಕಲಿತವರು. ಜೂನ್ ತಿಂಗಳ ಕಪ್ಪು ಶೂಸಿಗೆ ಅಪ್ಪ ಪೂರ್ತಿ ನೋಟು ಕೊಟ್ಟು, ಉಳಿದ ಐದು ಪೈಸೆಗಾಗಿ ಕೈ ಚಾಚಿ ನಿಲ್ಲುತ್ತಿದ್ದರು. ಇಷ್ಟನ್ನೂ ನೆನೆಸಿಕೊಂಡು, ಪರವಾಗಿಲ್ಲ ಐನೂರರೊಳಗೇ ಇದೆಯಲ್ಲ ಎಂದು ಕಾವಲಿಯನ್ನು ಟ್ರಾಲಿಗೆ ಹಾಕಿದೆ.

ಸುಗಂಧದ್ರವ್ಯದ ಮೇಜಿನ ಹಿಂದೆ ನಿಂತಿದ್ದ ಹುಡುಗಿ ನಾನು ಕೇಳದೆಯೇ ಮುಂದೆ ಬಂದು ಎರಡು ಸಲ ಬುಸ್ ಬುಸ್ ಎಂದು ಅಂಗಿಯ ಮೇಲೆ ಸಿಂಪಡಿಸಿದಳು. ಸ್ವಲ್ಪ ಯೋಚಿಸಿ ಮೂರನೆಯ ಸಲ. ಉಳಿದ ಗಿರಾಕಿಗಳಿಗೆಲ್ಲ ಒಂದೊಂದು ಚೂರು ಕಾಗದವಷ್ಟೇ ಸಿಗುತ್ತಿತ್ತು.

ಅಕ್ಕಿ ಬೇಳೆಯ ವಿಭಾಗದಲ್ಲಿ ಮಾತ್ರ ನಾನು ಮನಸ್ಸಿಟ್ಟು ನಿಂತೆ. ದೊಡ್ಡ ತೊಟ್ಟಿಗಳಲ್ಲಿ ಧಾನ್ಯ ತೆರೆದಿಟ್ಟಿದ್ದರು. ಒಬ್ಬ ಅಜ್ಜಿ ತೊಗರಿಬೇಳೆಯೊಳಗೆ ಮೊಳಕೈ ತನಕ ಕೈ ಇಳಿಸಿ, ಒಂದು ಕಾಳು ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ ಮುಂದೆ ಹೋದರು. ಮೆಂಫಿಸ್ಸಿನ ಪಾಠ ನಮ್ಮಲ್ಲಿ ಹಾಗೇ ನಡೆಯುವುದಿಲ್ಲ ಎಂದು ಕಂಡುಕೊಂಡವರು ಕಿಶೋರ್ ಬಿಯಾನಿ. 2001ರಲ್ಲಿ ಬಿಗ್ ಬಜಾರ್ ಶುರುಮಾಡಿದಾಗ ಅವರು ಬೇಕೆಂದೇ ಸಂತೆಯ ಗಿಜಿಗಿಜಿಯನ್ನು ಒಳಗೆ ತಂದರು. ಮೈಗೆ ಮೈ ತಾಗಬೇಕು, ಧಾನ್ಯ ಕೈಗೆ ಸಿಗಬೇಕು. ಖಾಲಿ ಖಾಲಿ, ಹೊಳೆ ಹೊಳೆಯುವ ಅಂಗಡಿ ಕಂಡರೆ ನಮ್ಮ ಜನ ಇದು ದುಬಾರಿ ಎಂದು ಹೊಸ್ತಿಲಿನಿಂದಲೇ ತಿರುಗಿಬಿಡುತ್ತಾರೆ. ಸರಪಳಿ ಅನ್ನುವುದು ನಮಗೆ ಆಮೇಲೆ ಬಂದದ್ದು ಅಂತಲ್ಲ. ಸರ್ಕಾರಿ ವಾಸನೆಯ ಸರಪಳಿಗಳು ಮೊದಲೇ ಇದ್ದವು. ರೂಪಾಯಿ ಅಪಮೌಲ್ಯವಾದ 1966ರಲ್ಲೇ ದಿಲ್ಲಿಯಲ್ಲಿ ಸಹಕಾರಿ ಸೂಪರ್ ಬಜಾರ್ ಬಂತು, ನಮ್ಮಲ್ಲಿ ಜನತಾ ಬಜಾರ್ ಇತ್ತು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್‌ನ ಪುಟ್ಟ ಮಳಿಗೆಯಲ್ಲಿ ಇವತ್ತಿಗೂ ನಾನು ಬಾಳೆಹಣ್ಣು ಕೊಳ್ಳುತ್ತೇನೆ. ಅಲ್ಲಿನ ಮಾರಾಟಗಾರ ಯಾವತ್ತೂ ನನಗೆ ಬಕೆಟ್ಟು ಕೊಡಲು ಬಂದಿಲ್ಲ. ನಿಜ ಹೇಳಬೇಕೆಂದರೆ ಬಾಳೆಹಣ್ಣು ಕೊಡಲೂ ಅವನಿಗೆ ಅಷ್ಟೇನೂ ಉತ್ಸಾಹವಿರುವುದಿಲ್ಲ.

ಗಡಿಯಾರ ನೋಡಿದೆ. ಹನ್ನೆರಡು ಹತ್ತು! ಟ್ರಾಲಿಯಲ್ಲಿ ಬಕೆಟ್ಟು, ದ್ರಾವಣ, ಕಾವಲಿ, ಒಂದು ಕೊಂಡರೆ ಒಂದು ಉಚಿತವಾದ ಎರಡು ಕಿಲೋ ಓಟ್ಸ್, ಬೆನ್ನುನೋವಿನವರಿಗೆಂದು ಒಂದು ಯೋಗದ ಚಾಪೆ. ನನಗೆ ಬೆನ್ನುನೋವಿಲ್ಲ, ಆದರೆ ಟ್ರಾಲಿ ಎಳೆದೂ ಎಳೆದೂ ಶುರುವಾಗುವ ಲಕ್ಷಣವಿತ್ತು. ಇಂಗು ಇಲ್ಲ.

ಹತ್ತಿರದ ಹುಡುಗನನ್ನು ಕೇಳಿದೆ. "ಇಂಗು ಎಲ್ಲಿದೆಯಪ್ಪ?"

ಅವನಿಗೆ ಕನ್ನಡ ಬಾರದು. "ಇಂಕ್?" ಅಂದವನೇ ನನ್ನನ್ನು ಎರಡನೇ ಮಹಡಿಗೆ ಕರೆದುಕೊಂಡು ಹೋಗಿ ನೋಟುಪುಸ್ತಕ, ಪೆನ್ನುಗಳ ಮುಂದೆ ನಿಲ್ಲಿಸಿದ. ಅಷ್ಟು ದೂರ ಬಂದ ಹುಡುಗನನ್ನು ಬರಿಗೈಲಿ ಕಳಿಸಲು ಮನಸ್ಸಾಗದೆ ಒಂದು ಸೀಸೆ ನೀಲಿ ಶಾಯಿ ತೆಗೆದುಕೊಂಡೆ. ಅದನ್ನು ಹಾಕುವ ಪೆನ್ನು ನಮ್ಮ ಮನೆಯಲ್ಲಿರಲಿಲ್ಲ. ಪೆನ್ನನ್ನೂ ತೆಗೆದುಕೊಂಡೆ.

ಕೆಳಗೆ ಬಂದವನು ಈ ಸಲ ಜಾಣತನ ಮಾಡಿದೆ. ಮತ್ತೊಬ್ಬಳು ಹುಡುಗಿಯ ಹತ್ತಿರ ಶುದ್ಧ ಹಿಂದಿಯಲ್ಲಿ, "ಹೀಂಗ್," ಅಂದೆ.

ಆಕೆ ಹುಬ್ಬಳ್ಳಿ ಕಡೆಯವಳು. "ಹೀಂಗ ಅಂದ್ರ ಹೆಂಗ್ರಿ ಸರ?"

"ಹೀಂಗ್, ಹೀಂಗ್!" ಎಂದು ಬೆರಳಲ್ಲಿ ಚಿಟಿಕೆ ಹಾಕಿ ಒಗ್ಗರಣೆಯ ಅಭಿನಯ ಮಾಡಿದೆ. ಅವಳೂ ಹಾಗೇ ಚಿಟಿಕೆ ಮಾಡಿ ತೋರಿಸಿ, "ಹೀಂಗ?" ಅಂದಳು. ಇಬ್ಬರೂ ಸ್ವಲ್ಪ ಹೊತ್ತು ಎದುರುಬದುರು ನಿಂತು ಗಾಳಿಗೆ ಒಗ್ಗರಣೆ ಹಾಕಿದೆವು. ಕೊನೆಗೆ ಸೋತು, "ಇಂಗಮ್ಮಾ, ಸಾರಿಗೆ ಹಾಕೋ ಇಂಗು," ಅಂದೆ.

"ಅಯ್ಯ, ಇಂಗು ಅನ್ರಿ ಮತ್ತ! ಇಲ್ಲೇ ಎಲ್ಲೋ ಐತಿ ತಡೀರಿ, ವಾಸನಿ ಬರಾಕತ್ತೈತಿ." ಮೂಗರಳಿಸಿ ಆ ಸಾಲಿನ ಕಪಾಟುಗಳನ್ನು ಮೂಸುತ್ತಾ ಹೋದಳು, ಬಿಸ್ಕತ್ತಿನ ತನಕ ಹೋಗಿ ವಾಪಸ್ಸು ಬಂದಳು. "ಆ ಕಡೆ ಹೋದ್ರ ಕಡಿಮಿ ಆಗ್ತದ, ಈ ಕಡೆ ಬಂದ್ರ ಜಾಸ್ತಿ ಆಗ್ತದ ನೋಡ್ರಿ," ಎಂದು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಯಾಕೋ ನನ್ನ ಮುಖ ನೋಡಿ ಸುಮ್ಮನಾದಳು. ಆಮೇಲೆ ಮಾತಿಲ್ಲದೆ ಮಸಾಲೆಯ ಸಾಲಿಗೆ ಹೋಗಿ ಒಂದು ಡಬ್ಬಿ ತಂದು, ಕೈಯಳತೆಯ ದೂರದಿಂದಲೇ ಟ್ರಾಲಿಗೆ ಹಾಕಿದಳು.

ಗೆದ್ದೆ! ಇಂಗು ಸಿಕ್ಕಿತು. ಹೆಚ್ಚುವರಿಯಾಗಿ ಐದಾರು ಸಾಮಾನು ಬಂದದ್ದೇನೂ ಸೋಲಲ್ಲ ಎಂದು ಬಿಲ್ಲಿನ ಸಾಲಿನಲ್ಲಿ ನಿಂತೆ. ನನ್ನ ಮುಂದೆ, ಹಿಂದೆ ಎರಡೆರಡು ಮಾರು ಜಾಗ. ಭಾನುವಾರದ ನೂಕುನುಗ್ಗಲಿನಲ್ಲೂ ಜನ ಎಷ್ಟು ಶಿಸ್ತಿನಿಂದ ಅಂತರ ಕಾಯ್ದುಕೊಂಡಿದ್ದರೆಂದರೆ, ನಮ್ಮ ದೇಶ ಮುಂದುವರಿದಿದೆ ಅನ್ನಿಸಿತು.

ಬಿಲ್ಲು ಮಾಡುವ ಹುಡುಗಿ ಬಕೆಟ್ಟನ್ನು ಕೆಂಪು ಬೆಳಕಿಗೆ ಹಿಡಿದಳು. ಪೀಂ ಎಂದಿತು. ಆ ಪೀಂ ಕೇಳಿದ್ದೇ ನನ್ನೊಳಗಿನ ಮೇಷ್ಟ್ರು ಎದ್ದು ಕೂತ. "ಈ ಬಾರ್‌ಕೋಡ್ ಇದೆಯಲ್ಲಮ್ಮಾ, ಇದು ಜಗತ್ತಿನ ಅಂಗಡಿಗಳಲ್ಲಿ ಮೊದಲ ಸಲ ಹೀಗೆ ಪೀಂ ಅಂದಿದ್ದು ಯಾವಾಗ ಗೊತ್ತಾ?"

"ಮೊಬೈಲ್ ನಂಬರ್ ಹೇಳಿ ಸಾರ್."

ಹೇಳಿದೆ. "1974ನೇ ಇಸವಿ ಜೂನ್ 26. ಒಹಾಯೋ ರಾಜ್ಯದ ಟ್ರಾಯ್ ಅನ್ನೋ ಊರು. ಏನು ಸಾಮಾನು ಹೇಳು ನೋಡೋಣ?"

"ಬ್ಯಾಗ್ ಬೇಕಾ ಸಾರ್?"

"ಬೇಕು. ಚೂಯಿಂಗ್ ಗಮ್! ಒಂದು ಪೊಟ್ಟಣ, 67 ಸೆಂಟು. ಅಷ್ಟು ಸಣ್ಣ ಸಾಮಾನಿನ ಮೇಲೂ ಈ ಗೆರೆಗಳು ಓದೋಕೆ ಬರುತ್ತವೆ ಅಂತ ಲೋಕಕ್ಕೆ ಗೊತ್ತಾಗಿದ್ದು ಅವತ್ತು. ಅಲ್ಲಿಂದ ಮುಂದೆ ಯಾವ ಅಂಗಡಿಯಲ್ಲಿ ಏನು ಎಷ್ಟು ಖರ್ಚಾಯಿತು, ಏನು ಮುಗಿಯಿತು ಅನ್ನೋದೆಲ್ಲ..."

"ಸಾರ್, ಇದು ಸ್ಕ್ಯಾನ್ ಆಗ್ತಿಲ್ಲ. ಡಬ್ಬಿ ಮೇಲೆ ಕೋಡ್ ಅಳಿಸಿಹೋಗಿದೆ. ಬಿಟ್ಬಿಡ್ಲಾ?"

"ಹೂಂ, ಹೂಂ," ಅಂದೆ ನಾನು, ಮಾತಿನ ಓಘದಲ್ಲಿ. "ಅನ್ನೋದೆಲ್ಲ ಒಂದೇ ಕಡೆ ಕೂತವನಿಗೆ ಗೊತ್ತಾಗೋ ಹಾಗಾಯಿತು. ಸರಪಳಿಗೆ ನಿಜವಾದ ಬೀಗ ಬಿದ್ದಿದ್ದು ಆಗ."

ಆಕೆ ಒಂದು ಕ್ಷಣ ತಡೆದು, ಕೌಂಟರಿನ ಪಕ್ಕದ ಕಪಾಟಿನಿಂದ ಮೂರು ಡಬ್ಬಿ ಡಿಯೋಡರೆಂಟ್ ತೆಗೆದು ನನ್ನ ಮುಂದಿಟ್ಟಳು. ದನಿ ತಗ್ಗಿಸಿ, "ಎರಡು ತಗೊಂಡ್ರೆ ಒಂದು ಫ್ರೀ ಸಾರ್. ತಗೊಳ್ಳಿ ಸಾರ್, ಪ್ಲೀಸ್," ಅಂದಳು. ವ್ಯಾಪಾರವನ್ನೂ ಮೀರಿದ ಕಳಕಳಿ ಆ ದನಿಯಲ್ಲಿತ್ತು. ಹಣ ಕೊಡಲು ಕಾಯುವವನ ಕೈಗೆ ಕೊನೇ ಗಳಿಗೆಯಲ್ಲಿ ಚಿಲ್ಲರೆ ಸಾಮಾನು ತುರುಕುವ ತಂತ್ರವನ್ನು ಹಿಂದಿನ ದಿನವಷ್ಟೇ ಖಂಡಿಸಿದ್ದವನು ನಾನು. ಅದನ್ನೂ ಆಕೆಗೆ ತಿಳಿಸಿ ಹೇಳಿದೆ. ಹಿಂದಿನವರು, "ತಗೊಳ್ಳಿ ಸಾರ್," ಎಂದು ಒಕ್ಕೊರಲಿನಿಂದ ಅಂದರು. ತಗೊಂಡೆ.

ಬಿಲ್ಲು 2,846 ರೂಪಾಯಿ. ಬ್ಯಾಗಿನದ್ದು ಬೇರೆ. ಬಾಗಿಲಲ್ಲಿ ಸೆಕ್ಯುರಿಟಿಯವನು ಬಿಲ್ಲಿಗೆ ತೂತು ಹೊಡೆದು, ಉಸಿರು ಬಿಗಿಹಿಡಿದು ನಮಸ್ಕಾರ ಮಾಡಿದ.

ಬಕೆಟ್ಟಿನೊಳಗೆ ದ್ರಾವಣ, ಕಂಕುಳಲ್ಲಿ ಚಾಪೆ, ಕೈಯಲ್ಲಿ ಕಾವಲಿ. ವೃತ್ತ ದಾಟುವಾಗ ಯಾಕೋ ಸಾಂಡರ್ಸ್ ನೆನಪಾದ. ಬೇರೆಯವರನ್ನು ಸಾಲಿನಲ್ಲಿ ನಡೆಸುವ ವಿದ್ಯೆ ಬಲ್ಲ ಆತ 1923ರಲ್ಲಿ ತನ್ನದೇ ಕಂಪನಿಯ ಷೇರುಗಳನ್ನೆಲ್ಲ ಕೊಂಡು ದಲಾಲರಿಗೆ ಬುದ್ಧಿ ಕಲಿಸಲು ಹೋಗಿ ಕಂಪನಿಯನ್ನೇ ಕಳೆದುಕೊಂಡ. ಕಟ್ಟಿಸುತ್ತಿದ್ದ ಗುಲಾಬಿ ಕಲ್ಲಿನ ಬಂಗಲೆ ಅರ್ಧಕ್ಕೇ ನಿಂತು, ಮುಂದೆ ಊರಿನ ವಸ್ತುಸಂಗ್ರಹಾಲಯವಾಯಿತು. ಅಷ್ಟಕ್ಕೆ ಬುದ್ಧಿ ಬಂತೇ? 1937ರಲ್ಲಿ 'ಕೀಡೂಝಲ್' ಎಂದು ಇನ್ನೊಂದು ತೆಗೆದ. ಗಿರಾಕಿ ಒಂದು ಕೀಲಿಕೈಯನ್ನು ತೂತಿಗೆ ಚುಚ್ಚಿದರೆ ಯಂತ್ರವೇ ಸಾಮಾನು ಆರಿಸಿ ಪಟ್ಟಿಯ ಮೇಲೆ ತಂದುಕೊಡಬೇಕು. ಯಂತ್ರ ಕೆಟ್ಟೂ ಕೆಟ್ಟೂ ಅದೂ ಮುಳುಗಿತು. ಕಟ್ಟೆಯ ಆಚೆ ನಿಂತು ಸಾಮಾನು ತೆಗೆದುಕೊಡುವವನನ್ನು ಓಡಿಸಿದವನೇ, ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಕೆಲಸಕ್ಕೆ ಅಷ್ಟು ದೊಡ್ಡ ಯಂತ್ರ ಕಟ್ಟಲು ಒದ್ದಾಡಿದನಲ್ಲ ಎಂದು ಯೋಚಿಸುತ್ತಾ ಬರುವಾಗ ಶೆಟ್ಟರು ಕಂಡರು. ಮದುವೆ ಮುಗಿಸಿ ಬಂದು, ಜರಿ ಪಂಚೆಯಲ್ಲೇ ಷಟರ್ ಎತ್ತುತ್ತಿದ್ದರು.

ನನ್ನ ಮೆರವಣಿಗೆಯನ್ನು ಮೇಲಿಂದ ಕೆಳಗೆ ನೋಡಿ, "ಏನ್ ಮೇಷ್ಟ್ರೇ, ಮನೆ ಒಕ್ಕಲು ಎಬ್ಬಿಸಿದ್ರಾ?" ಅಂದರು.

"ಇಂಗು ತರೋಕೆ ಹೋಗಿದ್ದೆ." ಹೇಳುವಾಗಲೇ ಅನುಮಾನ ಬಂದು ಚೀಲ ಹುಡುಕಿದೆ. ಶಾಯಿಯಿತ್ತು, ಪೆನ್ನಿತ್ತು, ಓಟ್ಸಿತ್ತು. ಬಿಲ್ಲನ್ನು ಎರಡು ಸಲ ಓದಿದೆ. 'ಬಿಟ್ಬಿಡ್ಲಾ' ಅಂದದ್ದೂ, ನಾನು ಹೂಂಗುಟ್ಟಿದ್ದೂ ಆಗ ಕಿವಿಗೆ ಬಿತ್ತು. ಇಂಗು ತಿಂದ ಮಂಗನಿಗಾದರೂ ತಿಂದ ಸಮಾಧಾನವಿರುತ್ತದೆ. "ಶೆಟ್ಟರೇ, ಬೇಗ ಒಂದು ಇಂಗು ಕೊಡಿ."

"ಇನ್ನೊಂದು ಯಾಕೆ? ಮೊನ್ನೆ ತಗೊಂಡ್ರಲ್ಲ." ಶೆಟ್ಟರು ಉದ್ದ ಪುಸ್ತಕ ತೆಗೆದು, ಎಂಜಲು ಹಚ್ಚಿ ಹಾಳೆ ತಿರುವಿ, ಬೆರಳಿಟ್ಟು ತೋರಿಸಿದರು. ಗುರುವಾರ, ಗಟ್ಟಿ ಇಂಗು, 50 ಗ್ರಾಂ, ನನ್ನ ಲೆಕ್ಕಕ್ಕೆ. "ಡಬ್ಬಿ ಮುಗಿದಿತ್ತು ಅಂತ ಕಾಗದದಲ್ಲಿ ಕಟ್ಟಿಕೊಟ್ಟೆ. ಅಂಗಿ ಜೇಬಿಗೆ ಹಾಕ್ಕೊಂಡ್ರಿ." ಇನ್ನೊಮ್ಮೆ ನನ್ನನ್ನು ನೋಡಿದರು. ಮೂಗು ಸ್ವಲ್ಪ ಅರಳಿತು. "ಇದೇ ಅಂಗಿ."

ಗುರುವಾರ ಜೇಬಿಗೆ. ಶುಕ್ರವಾರ ವಾಷಿಂಗ್ ಮೆಷಿನ್ನಿಗೆ, ಬಿಸಿನೀರಿನಲ್ಲಿ ನಲವತ್ತು ನಿಮಿಷ. ಶನಿವಾರ ಇಸ್ತ್ರಿಗೆ. ಇಸ್ತ್ರಿಯವನು ಬಟ್ಟೆ ಕೊಡುವಾಗ, "ಏನ್ ಸಾರ್, ಮನೇಲಿ ಪುಳಿಯೋಗರೆ ಗೊಜ್ಜಾ?" ಎಂದು ಕೇಳಿದ್ದು ನೆನಪಾಯಿತು. ಇಲ್ಲಪ್ಪ ಎಂದು ಮೂಗು ಸೀನಿ ಬಂದಿದ್ದೆ. ಅದೇ ಸಂಜೆ ಉಪನ್ಯಾಸ. ಜೇಬಿಗೆ ಕೈ ಹಾಕಿದೆ. ತಳದ ಹೊಲಿಗೆಯಲ್ಲಿ ಅಂಟಂಟು ಕಾಗದದ ಉಂಡೆಯೊಂದು ಬೆರಳಿಗೆ ಸಿಕ್ಕಿತು.

ಶೆಟ್ಟರು ಇಂಗು ಕೊಡಲು ಎದ್ದರು. ಮನೆಯಿಂದ ಫೋನು ಬಂತು. ಅತಿಥಿಗಳು ಬಂದು ಹತ್ತು ನಿಮಿಷವಾಯಿತು, ಇಂಗೂ ಬೇಡ ಏನೂ ಬೇಡ, ಒಗ್ಗರಣೆ ಹಾಕಿಯಾಯಿತು, ಇದ್ದಲ್ಲಿಂದ ಬನ್ನಿ ಅನ್ನುವ ಅಪ್ಪಣೆ. ಓಡಿದೆ. ಬಕೆಟ್ಟನ್ನು ಬಾಗಿಲ ಹಿಂದೆ ಅಡಗಿಸಿ, ಅಂಗಿ ಬದಲಿಸಲೂ ಸಮಯವಿಲ್ಲದೆ, ನೇರವಾಗಿ ಎಲೆಯ ಮುಂದೆ ಕೂತೆ.

ಷಡ್ಡಕರು ನನ್ನ ಪಕ್ಕದಲ್ಲೇ ಕೂತಿದ್ದರು. ಅವರಿಗೆ ನೆಗಡಿಯಿರಲಿಲ್ಲ. ಸಾರನ್ನು ಎರಡು ಸಲ ಹಾಕಿಸಿಕೊಂಡು, ಮೂರನೆಯ ಸಲ ಕೈಗೇ ಬಿಡಿಸಿಕೊಂಡು ಸುರಿದು, ಕಣ್ಣು ಮುಚ್ಚಿ ಹೇಳಿದರು:

"ಅತ್ತಿಗೆ, ಇವತ್ತು ಇಂಗಿನ ಒಗ್ಗರಣೆ ಏನು ಘಮಘಮ ಅಂತಿದೆ!"